ಬಾವಿಗೆ ಮರಳಿಸದ ನೀರು

ಪದ್ಮಕ್ಕನ ಮೇಲೆ ಸುಳ್ಳು ಹೇಳಿದವನು ನಾನೇ. ಆಕೆ ಹುಕ್ಕೇರಿಯ ನಮ್ಮ ಜೈನ ಪಾಠಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ವಿಧವೆ. ನಾನು ಅಲ್ಲೇ ಉಂಡು ಓದುತ್ತಿದ್ದ ಹದಿನಾಲ್ಕರ ಹುಡುಗ. ಬ್ರಿಟಿಷರ ಕಾಲದ ಮಾತು.

ನಮ್ಮಲ್ಲಿ ನೀರನ್ನು ಸೋಸದೆ ಕುಡಿಯುವುದಿಲ್ಲ. ಸೋಸಿದ ಬಟ್ಟೆಯನ್ನು ಮಗುಚಿ ತೊಳೆದು, ಆ ನೀರನ್ನು ಗಿಂಡಿಯಲ್ಲಿ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು — ಬಟ್ಟೆಗೆ ಅಂಟಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು. ಆ ದಿನ ಪರವೂರಿನ ಮಂದಿ ಊಟಕ್ಕೆ ಬಂದಿದ್ದರು. ಪದ್ಮಕ್ಕ ಒಮ್ಮೆ, ನಾನೊಮ್ಮೆ, ಎಷ್ಟು ಸಲ ಸೋಸಿದೆವೋ ಲೆಕ್ಕವಿಲ್ಲ. ಬೇಸಗೆಯ ಬಾವಿ, ಹಗ್ಗ ಇಳಿಸಿ ಇಳಿಸಿ ಕೈ ಸೋತಿತ್ತು. ರೋಸಿಹೋಗಿ ಬಟ್ಟೆ ತೊಳೆದ ನೀರನ್ನು ಲಿಂಬೆ ಗಿಡದ ಬುಡಕ್ಕೆ ಚೆಲ್ಲಿಬಿಟ್ಟೆ.

ಗುರುಗಳು ಗಿಡದ ಬುಡದ ಒದ್ದೆ ನೆಲ, ಪಕ್ಕದಲ್ಲೇ ಬಿದ್ದ ಖಾಲಿ ಗಿಂಡಿ ನೋಡಿ ನನ್ನನ್ನು ಕರೆದರು. ಬೈಯಲಿಕ್ಕಲ್ಲ — ಚೆಲ್ಲಿದ್ದು ಯಾರೆಂದು ಕೇಳಲಿಕ್ಕೆ. ಸೂತ್ರಗಳೆಲ್ಲ ನನಗೆ ಬಾಯಿಪಾಠ. ಬೇರೆ ಹುಡುಗರಿಗೆ ನನ್ನನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದರು. ಆ ಮರ್ಯಾದೆ ಹೋಗುತ್ತದಲ್ಲ ಎಂದು —

“ಪದ್ಮಕ್ಕ ಚೆಲ್ಯಾಳ್ರಿ,” ಅಂದೆ.

ಆಕೆಯನ್ನು ಕೇಳಿದರು. “ಗಡಿಬಿಡಿಯಾಗ... ನನಗ ನೆನಪಿಲ್ರಿ,” ಅಂದಳು. “ನಾಳಿಯಿಂದ ಬರಬ್ಯಾಡವಾ,” ಅಂದರು ಗುರುಗಳು. ಸಂಜೆಯೊಳಗೆ ಆಕೆ ಗಂಟು ಕಟ್ಟಿಕೊಂಡು ಕಣಗಲಾಕ್ಕೆ, ತಮ್ಮನ ಮನೆಗೆ ಹೋದಳು.

ಸತ್ತ ಜೀವಗಳಿಗಾಗಿ ನಾನು ಒಂದು ದಿನ ಉಪವಾಸ ಮಾಡಿದೆ. ಪದ್ಮಕ್ಕನಿಗಾಗಿ ಏನು ಮಾಡಬೇಕೆಂದು ಪಾಠದಲ್ಲಿ ಹೇಳಿರಲಿಲ್ಲ. ಇಲ್ಲ, ಹೇಳಿತ್ತು. ಸುಳ್ಳಾಡಬಾರದೆಂದು ಮೊದಲ ಪುಟದಲ್ಲೇ ಇತ್ತು.

ಹತ್ತು ವರ್ಷದ ಮೇಲೆ, ನಾನೇ ಮಾಸ್ತರನಾದ ಮೇಲೆ, ಹೇಳಿಯೇ ತೀರಬೇಕೆಂದು ಕಣಗಲಾಕ್ಕೆ ಹೋದೆ. ಪದ್ಮಕ್ಕ ಗುರುತು ಹಿಡಿದು ಹಿಗ್ಗಿದಳು, ಎಲೆ ಹಾಕಿದಳು. ನೀನೂ ಕೂಡು ಅಂದೆ.

“ನಾ ಒಪ್ಪತ್ತ ಉಣ್ಣಾಕಿಪ್ಪಾ. ಆ ನೀರ ಚೆಲ್ಲಿದ್ನಲ್ಲ, ಆವಾಗಿಂದ. ನನಗ ನೆನಪಿಲ್ಲ ಖರೆ, ಆದ್ರ ನೋಡಿದಾವ್ರು ಸುಳ್ಳ ಹೇಳ್ತಾರೇನು?”

ನೋಡಿದವನು ನಾನೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಬಾಯಿ ತೆರೆದೆ —

“ಇಲ್ಲಕ್ಕಾ, ಹೇಳೂದಿಲ್ಲ,” ಅಂದೆ.

ಬಡಿಸಿದ್ದನ್ನೆಲ್ಲ ಉಂಡು ಬಂದೆ. ನಾಚಿಕೆಗೇಡು ಎಂದರೆ ಇದು. ಮೊದಲ ಸಲ ಹುಡುಗನಾಗಿದ್ದೆ, ಈ ಸಲ ಅಲ್ಲ.

ಮರುವರ್ಷ ಆಕೆ ತೀರಿಕೊಂಡಳು. ಸಮಾಧಾನ ಹೇಳಲು ಹೋದಾಗ ಅವಳ ತಮ್ಮ ನನ್ನನ್ನು ಬಾಜೂಕ್ಕೆ ಕೂರಿಸಿಕೊಂಡು, ಜ್ವರದಲ್ಲೂ ಅಕ್ಕ ಎರಡನೇ ಊಟ ಮುಟ್ಟಲಿಲ್ಲವೆಂದು ಹೆಮ್ಮೆಯಿಂದ ಹೇಳಿದ.