ಅತ್ತೆಯ ಕಣ್ಣು ತಪ್ಪಿಸಿ ಕಟ್ಟಿದ ಬಂದೂಕು

ನಮ್ಮ ಅತ್ತೆಯ ಬಲಗಿವಿ ಎಡಗಿವಿಗಿಂತ ಕೆಂಪಗಿತ್ತು. ದಿನವಿಡೀ ತೆಂಗಿನಕಾಯಿ ಒತ್ತಿ ಒತ್ತಿ ಹಾಗಾಗಿತ್ತು. ಉಗರಗೋಳದಲ್ಲಿ, ದೇವಿಯ ಗುಡ್ಡಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ, ಕಾಯಿ, ಕರ್ಪೂರ, ಭಂಡಾರ ಮಾರುವ ಅಂಗಡಿ ಅವರದು. ಕಾಯಿ ಕೈಗೆ ಬಂದ ಕೂಡಲೇ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸುವುದು, ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವುದು, ಕಣ್ಣು ಕಿರಿದು ಮಾಡಿ ಅದನ್ನು ತಂದವನ ಮುಖವನ್ನೇ ನೋಡುವುದು. ಒಳಗೆ ನೀರು ಕುಲುಕಿದರೂ ಆ ನೋಟ ಸಡಿಲಾಗುತ್ತಿರಲಿಲ್ಲ. "ನೀರ ಐತಿ. ಆದ್ರ ಯಾವಾಗಿನ ನೀರು?" ಅನ್ನುತ್ತಿದ್ದರು.

ಅನುಮಾನ ಅವರಿಗೆ ಉಸಿರಾಟವಿದ್ದ ಹಾಗೆ. ಹಾಲನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು ನೋಡಿಯೇ ಪಾತ್ರೆಗೆ ಹಾಕಿಸಿಕೊಳ್ಳುವರು. ಕರೆಂಟಿನ ಮೀಟರ್ ಓದಲು ಬಂದವನ ಹೆಗಲ ಹಿಂದೆ ನಿಂತು ತಾವೂ ಓದುವರು. ಕನ್ನಡಕವಿಲ್ಲದೆ ಅಂಕಿ ಕಾಣುತ್ತಿರಲಿಲ್ಲ, ಆದರೆ ಅದು ಅವನಿಗೆ ಗೊತ್ತಾಗಬಾರದಲ್ಲ! ಡಾಕ್ಟರ್ ಮಾತ್ರೆ ಬರೆದುಕೊಟ್ಟರೆ, "ನಿಮ್ಮ ಮನಿಯಾಗೂ ಇದನ್ನ ನುಂಗತಾರೇನ್ರಿ?" ಅಂತ ಕೇಳುವರು. ಇನ್ನು ನಾನು ಬೈಲಹೊಂಗಲದಿಂದ ಬಂದ ಪೇಟೆಯ ಸೊಸೆ, ಕಾಲೇಜು ಕಲಿತವಳು, ಬಾಯಿತುಂಬ ನಗುವವಳು. ಅನುಮಾನಕ್ಕೆ ಇನ್ನೇನು ಬೇಕು? ಮದುವೆಯಾಗಿ ಬಂದ ದಿನವೇ ನನ್ನ ಟ್ರಂಕಿನ ಮುಚ್ಚಳ ತೆಗೆದು ಒಳಗೆ ಮೂಗಿಟ್ಟು ಮೂಸಿದ್ದರು. ನನಗೆ ಮೈಯೆಲ್ಲ ಉರಿದುಹೋಗಿತ್ತು.

ಹಾಗಿದ್ದ ಮನೆಯಲ್ಲಿ ನಾನು ಬಂದೂಕು ಕಟ್ಟಲು ಹೊರಟೆ.

ಕಾಲೇಜಿನಲ್ಲಿದ್ದಾಗ ಖಾಕಿ ತೊಟ್ಟು ಪರೇಡ್ ಮಾಡುತ್ತಿದ್ದವಳು ನಾನು. ಕ್ಯಾಂಪಿನಲ್ಲಿ ನೆಲದ ಮೇಲೆ ಬೋರಲು ಮಲಗಿ, ಉಸಿರು ಹಿಡಿದು ಗುರಿ ಹೊಡೆಯುವಾಗ ತಲೆಯೊಳಗಿನ ಗದ್ದಲವೆಲ್ಲ ನಿಂತುಹೋಗುತ್ತಿತ್ತು. ಮದುವೆಯ ಮೇಲೆ ಆ ಸುಖ ಎಲ್ಲಿಂದ ಬರಬೇಕು? ಒಂದು ದಿನ ಫೋನಿನಲ್ಲಿ ಏರ್‌ಸಾಫ್ಟ್ ಅನ್ನುವ ಆಟ ನೋಡಿದೆ. ಬಂದೂಕು ಥೇಟ್ ನಿಜದ್ದರಂತೆ, ಆದರೆ ಅದರಿಂದ ಹೊರಡುವುದು ಗಾಳಿಯ ಒತ್ತಡಕ್ಕೆ ಚಿಮ್ಮುವ ಪುಟ್ಟ ಬಿಳಿ ಪ್ಲಾಸ್ಟಿಕ್ ಗುಂಡು. ಇಡೀ ಬಂದೂಕು ತರಿಸಿದರೆ ಉದ್ದನೆಯ ಡಬ್ಬಿ ಬರುತ್ತದೆ, ಅತ್ತೆಯ ಕಣ್ಣಿಗೆ ಬಿದ್ದರೆ ಮುಗಿಯಿತು. ಬಿಡಿಭಾಗಗಳನ್ನು ಒಂದೊಂದಾಗಿ ತರಿಸಿ, ನನ್ನ ತೋಳಿನ ಅಳತೆಗೆ ನಾನೇ ಜೋಡಿಸಿಕೊಳ್ಳುತ್ತೇನೆ ಅಂತ ಹಟ ಹಿಡಿದೆ. ಆ ಮನೆಯಲ್ಲಿ ಯಾರೂ ಮೂಸಿ ನೋಡದ ಒಂದು ವಸ್ತು ನನಗೆ ಬೇಕಾಗಿತ್ತು, ಅಷ್ಟೇ.

ಕೊರಿಯರ್‌ನವರು ಅಂಗಡಿಯ ಹಿಂದಿನ ನಮ್ಮ ಮನೆಯವರೆಗೆ ಬರುವ ತೊಂದರೆ ತೆಗೆದುಕೊಳ್ಳದೆ ಎಲ್ಲವನ್ನೂ ಅಂಗಡಿಗೇ ಕೊಟ್ಟುಹೋಗುತ್ತಿದ್ದರು. ಅತ್ತೆ ಡಬ್ಬಿಯನ್ನೂ ಕಾಯಿಯ ಹಾಗೆಯೇ ಕಿವಿಗೆ ಹಿಡಿದು ಅಲ್ಲಾಡಿಸುವರು.

"ಏನೈತಿ ಇದರಾಗ?"

"ಹೊಲಿಗಿ ಮಷಿನ್ನಿನ ಸಾಮಾನ್ರೀ ಅತ್ತಿ."

"ಹೊಲಿಗಿ ಮಷಿನ್ನಿಗೆ ಇಷ್ಟುದ್ದ ನಳಿಗಿ ಯಾಕವಾ? ದಾರ ಅದರಾಗಿಂದ ಹಾಯಸ್ತಿ ಏನ?"

ನಾನು ಡಬ್ಬಿ ಕಿತ್ತುಕೊಂಡು ಒಳಗೆ ನಡೆದುಬಿಡುತ್ತಿದ್ದೆ. ಮಧ್ಯಾಹ್ನ ಮಗಳು ಶಾಲೆಯಲ್ಲಿ, ಅತ್ತೆ ಅಂಗಡಿಯಲ್ಲಿ, ನಮ್ಮವರು ಬಾಡಿಗೆ ಟೆಂಪೋದ ಮೇಲೆ. ಹಿಂದಿನ ಕೋಣೆಯ ಬಾಗಿಲು ಮುಂದಕ್ಕೆಳೆದುಕೊಂಡು ನಾನು ಚಾಪೆಯ ಮೇಲೆ ಎಲ್ಲ ಹರವುತ್ತಿದ್ದೆ: ನಳಿಗೆ, ಸಿಲಿಂಡರ್, ಅದರೊಳಗೆ ಓಡಾಡುವ ಪಿಸ್ಟನ್, ಪಿಸ್ಟನ್ನನ್ನು ನೂಕುವ ಸ್ಪ್ರಿಂಗ್, ಗುಂಡಿಗೆ ತಿರುವು ಕೊಡುವ ಚೂರು ರಬ್ಬರು. ಒಬ್ಬ ತಯಾರಕನ ಸಿಲಿಂಡರಿಗೆ ಇನ್ನೊಬ್ಬನ ಪಿಸ್ಟನ್ ಹೊಂದುತ್ತಿರಲಿಲ್ಲ. ಮರಳುಕಾಗದ ಹಿಡಿದು ಉಜ್ಜುವುದು, ಸೇರಿಸಿ ನೋಡುವುದು, ಮತ್ತೆ ಬಿಚ್ಚುವುದು. ಸಿಲಿಂಡರಿನ ಬಾಯಿಗೆ ಬೆರಳು ಅದುಮಿ ಪಿಸ್ಟನ್ ನೂಕಬೇಕು. ಅದು ಮುಂದೆ ಹೋಗದೆ ತಡೆದು ನಿಂತರೆ ಗಾಳಿ ಸೋರುತ್ತಿಲ್ಲ ಅಂತ ಅರ್ಥ. ನನ್ನದು ಬಹಳ ದಿನ ಸುಸ್ ಅಂತ ಸೋರುತ್ತಲೇ ಇತ್ತು.

ಒಮ್ಮೆ ಸ್ಪ್ರಿಂಗು ಕೈತಪ್ಪಿ ಚಿಮ್ಮಿ ಜೋಳದ ಡಬ್ಬಿಗೆ ಢಣ್ ಅಂತ ಬಡಿಯಿತು. "ಏನ ಬಿತ್ತು?" ಅಂತ ಅತ್ತೆ ಅಂಗಡಿಯಿಂದಲೇ ಕೂಗಿದರು. "ಬೆಕ್ಕುರೀ!" ಅಂದೆ. ಮರುದಿನ ಅದೇ ಹೊತ್ತಿಗೆ ಒಂದು ಬಟ್ಟಲು ಹಾಲು ತಂದು ಕೋಣೆಯ ನಡುವೆ ಇಟ್ಟು ಹೊಸ್ತಿಲ ಮೇಲೆ ಕುಳಿತರು. "ಬರಲಿ. ಎಂಥಾ ಬೆಕ್ಕು, ನಾನೂ ನೋಡತೇನಿ." ಹಾಲು ಕೆನೆಗಟ್ಟುವವರೆಗೂ ಕುಳಿತಿದ್ದರು ಪುಣ್ಯಾತ್ಗಿತ್ತಿ.

ಆ ವರ್ಷ ಮಗಳಿಗೆ ಜ್ವರ ಬಿಟ್ಟು ಬಿಟ್ಟು ಬಂತು. ಮಲಗಿದಲ್ಲೇ ಮಲಗಿ ಕೂದಲು ಹಿಂದೆ ಗಂಟುಗಂಟಾಗಿ ಕೂತಿತು. ಜ್ವರ ಇಳಿದ ಮೇಲೆ ಎಣ್ಣೆ ಹಚ್ಚಿ ಬಿಡಿಸಿದರಾಯಿತು ಅಂತ ನಾನು ಸುಮ್ಮನಿದ್ದೆ. ಅಂಗಡಿಗೆ ಬಂದ ಹೆಣ್ಣುಮಗಳೊಬ್ಬಳು ಅದನ್ನು ಮುಟ್ಟಿ ನೋಡಿ, "ಜಡಿ ಬಂದಾವಲ್ಲ ಯವ್ವಾ! ತಾಯಿ ಕರಿಯಾಕ ಹತ್ಯಾಳ. ಹರಕಿ ಹೊತ್ಕೊ, ಕೂಸು ಉಳೀತೈತಿ" ಅಂದಳು. ಮಾತು ಬೆಳೆಸುವ ಮನಸ್ಸಿಲ್ಲದೆ ನಾನು "ನೋಡೂಣ್ರಿ" ಅಂದೆ. ಅತ್ತೆ ಕಿವಿಗೆ ಹಿಡಿದ ಕಾಯಿಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದರು.

ನಮ್ಮ ಸೀಮೆಯವರಿಗೆ ಆ ಮಾತಿನ ಭಾರ ಹೇಳಬೇಕಾಗಿಲ್ಲ. ಹಿಂದೆ ಹೀಗೆ ಜಡೆಗಟ್ಟಿದ ಹುಡುಗಿಯರಿಗೆ ಮುತ್ತು ಕಟ್ಟಿ ದೇವರಿಗೆ ಬಿಡುತ್ತಿದ್ದರು. ಹಸಿರು ಬಟ್ಟೆ, ಕೊರಳಿಗೆ ಕೆಂಪು ಬಿಳಿ ಮಣಿಯ ಸರ, ಒಂದು ಹುಣ್ಣಿಮೆ; ಅಲ್ಲಿಗೆ ಆ ಹುಡುಗಿಗೆ ಮದುವೆಯಿಲ್ಲ, ಸಂಸಾರವಿಲ್ಲ, ಕಂಡವರ ಪಾಲು. ಕಾನೂನು ಬಂದು ಅದೆಲ್ಲ ನಿಂತಿದೆ. ಆದರೂ ಎಲ್ಲೋ ಯಾರದೋ ಮನೆಯೊಳಗೆ ಕದ್ದು ಕಟ್ಟುತ್ತಾರೆ ಅನ್ನುವ ಗುಸುಗುಸು ಮಾತ್ರ ನಿಂತಿಲ್ಲ.

ಮರುದಿನ ಬೆಳಿಗ್ಗೆ ನಾನು ನೀರು ಹಿಡಿದುಕೊಂಡು ಬರುವಷ್ಟರಲ್ಲಿ ಮಗಳ ತಲೆ ಉಣ್ಣೆ ಕತ್ತರಿಸಿದ ಕುರಿಯಂತಾಗಿತ್ತು. ಅತ್ತೆಯ ಕೈಯಲ್ಲಿ ಕತ್ತರಿ.

"ಯಾರನ್ನ ಕೇಳಿ ಕತ್ತರಿಸಿದ್ರಿ?" ಅಂತ ಚೀರಿದೆ.

"ನನ್ನ ಮೊಮ್ಮಗಳು. ಯಾರನ್ನ ಕೇಳಬೇಕು?"

ಕೂದಲನ್ನು ಅರಿವೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲಿಗೋ ಹೋದರು. ಎಲ್ಲಿಗೆ ಅಂತ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಗುಡ್ಡಕ್ಕೆ ಒಯ್ದು ಒಪ್ಪಿಸಿ ಬಂದರೋ ಏನೋ ಅನ್ನುವ ಹುಳ ನನ್ನ ತಲೆಗೆ ಹೊಕ್ಕಿತು. ಅವತ್ತಿನಿಂದ ನಾನೂ ಅವರ ಬೆನ್ನಿಗೆ ಕಣ್ಣಿಟ್ಟೆ. ಅವರು ನನ್ನನ್ನು ನೋಡುವುದು, ನಾನು ಅವರನ್ನು ನೋಡುವುದು. ಒಂದೇ ಒಲೆಯ ಮುಂದೆ ಇಬ್ಬರು ಪೊಲೀಸರು.

ಹುಣ್ಣಿಮೆ ಹತ್ತಿರ ಬಂತು. ಗುಂಡಿನ ಪೊಟ್ಟಣ ಬಂದದ್ದೂ ಆಗಲೇ. ನನ್ನ ಕೈಗೆ ಸಿಗುವಷ್ಟರಲ್ಲಿ ಅದರ ಮೂಲೆ ಹರಿದಿತ್ತು. ಬಿಳಿ, ನುಣ್ಣಗೆ, ಒಂದೇ ಅಳತೆ. ಅತ್ತೆ ಈ ಸಲ ಒಂದು ಮಾತೂ ಆಡಲಿಲ್ಲ, ಅದೇ ನನಗೆ ಸೋಜಿಗ. ಪೊಟ್ಟಣವನ್ನು ಟ್ರಂಕಿನಲ್ಲಿ, ಮಗಳ ಹಸಿರು ಫ್ರಾಕಿನ ಕೆಳಗೆ ಇಟ್ಟೆ. ಶಾಲೆಯ ಗ್ಯಾದರಿಂಗಿನಲ್ಲಿ ಅವಳದು ಗಿಳಿಯ ವೇಷ, ಅದಕ್ಕೆಂದು ತಂದ ಫ್ರಾಕು.

ಎರಡು ದಿನ ಬಿಟ್ಟು ನಾನು ಸವದತ್ತಿಗೆ ಹೋದೆ. ಬಂದೂಕಿನ ಕಟ್ಟಿಗೆಯ ಹಿಡಿಕೆಯನ್ನು ಅಲ್ಲೊಬ್ಬ ಬಡಿಗೇರನಿಗೆ ಮಾಡಲು ಕೊಟ್ಟಿದ್ದೆ. ಅದನ್ನು ಚೀಲದಲ್ಲಿ ಹಾಕಿಕೊಂಡು ಮಧ್ಯಾಹ್ನ ಬಂದರೆ ಅಂಗಡಿ ಮುಚ್ಚಿತ್ತು. ಹುಣ್ಣಿಮೆಯ ಹೊತ್ತಿನಲ್ಲಿ, ರಸ್ತೆ ತುಂಬ ಜನ ಇರುವಾಗ, ಅಂಗಡಿ ಮುಚ್ಚುವುದೆಂದರೆ! ಶಾಲೆಗೆ ಓಡಿದೆ. "ಅವರ ಆಯಿ, ನಿಮ್ಮ ಅತ್ತಿ, ಬಂದು ಕರಕೊಂಡ ಹ್ವಾದ್ರಲ್ರಿ" ಅಂದರು ಟೀಚರ್. ಮನೆಗೆ ಬಂದು ನೋಡಿದರೆ ಟ್ರಂಕು ಬಾಯಿ ತೆರೆದಿದೆ. ಹಸಿರು ಫ್ರಾಕಿಲ್ಲ, ಬಿಳಿ ಗುಂಡಿಲ್ಲ.

ಆಗ ನನಗೆ ಹೊಳೆಯಿತು. ಹಸಿರು ಬಟ್ಟೆ. ಬಿಳಿ ಮುತ್ತು. ಹುಣ್ಣಿಮೆ. ಮುದುಕಿ ನನ್ನ ಕೂಸನ್ನು ಒಯ್ದಳು ಅಂತ ಎದೆ ಒಡೆದುಕೊಂಡು ಗುಡ್ಡದ ಕಡೆ ಓಡಿದೆ. ಸಾಲಿನಲ್ಲಿ ನಿಂತ ಮುದುಕಿಯರ ಸೆರಗು ಸರಿಸಿ ಸರಿಸಿ ಮುಖ ನೋಡಿದೆ. ಹಸಿರು ಉಟ್ಟ ಹುಡುಗಿ ಕಂಡಲ್ಲೆಲ್ಲ ನುಗ್ಗಿದೆ. ಬೈಸಿಕೊಂಡೆ. ನಮ್ಮವರು ರಾಮದುರ್ಗದಲ್ಲಿದ್ದರು, ಅವರ ಫೋನು ಹತ್ತಲಿಲ್ಲ. ಕೊನೆಗೆ ಮೆಟ್ಟಿಲ ಮೇಲೆ ಕುಳಿತಾಗ ನನ್ನ ಫೋನು ಬಡಿದುಕೊಂಡಿತು. ಬೈಲಹೊಂಗಲದಿಂದ ನನ್ನ ಅವ್ವ.

"ನಿಮ್ಮ ಅತ್ತಿ ಇಲ್ಲಿ ಬಂದಾರ, ಕೂಸೂ ಇಲ್ಲೇ ಐತಿ. ನೀ ಮೊದಲ ಬಾ. ಏನ ಮಾಡಾಕ ಹೊಂಟಿದ್ದಿ ನೀ?" ಅಂದವಳೇ ಅಳತೊಡಗಿದಳು.

ಬಸ್ಸಿನಲ್ಲಿ ಹೇಗೆ ಕುಳಿತೆನೋ ಗೊತ್ತಿಲ್ಲ. ತವರಿನ ಬಾಗಿಲಲ್ಲಿ ಅತ್ತೆ ಕಾಲು ಅಡ್ಡ ಚಾಚಿ ಕುಳಿತಿದ್ದರು. ಮಗಳು ಒಳಗೆ ಚುರುಮುರಿ ತಿನ್ನುತ್ತಿದ್ದಳು.

"ಹೊಸ್ತಿಲ ದಾಟಬ್ಯಾಡ. ಅಲ್ಲೇ ನಿಂತ ಹೇಳು," ಅಂದರು. ಪೊಟ್ಟಣ ತೆಗೆದು ಗುಂಡುಗಳನ್ನು ನೆಲದ ಮೇಲೆ ಸುರಿದರು. "ಯಾರ ಕೊಟ್ರು ಈ ಮುತ್ತು? ಯಾರ ಮನಿಯಾಗ ಕಟ್ಟಾವರಿದ್ರಿ? ಹರಕಿ ಅಂದಾಕಿಗೆ 'ನೋಡೂಣ್ರಿ' ಅಂದದ್ದು ನನ್ನ ಕಿವಿಗೆ ಬಿದ್ದೈತಿ. ನನ್ನ ಹೆಣ ಬೀಳಬೇಕು ಮೊದಲ!"

"ನಾನ?" ಅಂದೆ. "ನೀವು ಕಟ್ಟಾಕ ಒಯ್ದೀರಿ ಅಂತ ನಾ ಗುಡ್ಡ ಎಲ್ಲಾ ಹುಡುಕಿ ಬಂದೇನ್ರಿ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಕುಕ್ಕರಿಸಿ ಕುಳಿತು ಒಂದು ಗುಂಡು ಎತ್ತಿ ಅವರ ಅಂಗೈಯಲ್ಲಿಟ್ಟೆ. "ಸೂಜಿ ದಾರ ತಗೋರಿ. ಇದನ್ನ ಪೋಣಸ್ರಿ ನೋಡೂಣು."

ಅವರು ಅದನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಕಚ್ಚಿದರು. ಇನ್ನೊಂದು ತೆಗೆದುಕೊಂಡರು, ಮತ್ತೊಂದು. ಒಂದಕ್ಕೂ ತೂತಿಲ್ಲ.

"ಹಂಗಾರ ಏನ ಇವು?"

ಚೀಲದಿಂದ ಕಟ್ಟಿಗೆಯ ಹಿಡಿಕೆ ತೆಗೆದು ಮುಂದಿಟ್ಟೆ. "ಬಂದೂಕರೀ. ಆಟದ ಬಂದೂಕ ಮಾಡಾಕ ಹತ್ತೇನಿ. ಇವು ಅದರ ಗುಂಡು."

ಅವ್ವ "ಅಯ್ಯ ಶಿವನ!" ಅಂತ ಗೋಡೆ ಹಿಡಿದಳು. ಅತ್ತೆ ಮಾತ್ರ ಉಸಿರು ಬಿಟ್ಟರು, ಚಾಚಿದ ಕಾಲು ಮಡಚಿದರು. "ಬಂದೂಕಾ? ಇಷ್ಟ ಹೌದಲ್ಲ! ಮೊದಲ ಹೇಳಾಕ ಏನ ಧಾಡಿಯಾಗಿತ್ತು ನಿನಗ?" ಅಂದರು. ನನಗೆ ನಗು ಬಂತು, ನಗುವ ಮೊದಲೇ ಅಳು ಬಂತು.

ಆಮೇಲೆ ಅವರು ಅಂಗಳದ ಕಡೆ ಮುಖ ಮಾಡಿಕೊಂಡು ಹೇಳಿದರು. "ನಮ್ಮಕ್ಕಗ ಹೊಸಾ ಹಸರ ಸೀರಿ ಕೊಡಸ್ತೇವಂತ ಹೊಳಿ ಆಚೆ ಯಾರದೋ ಮನಿಗೆ ಕರಕೊಂಡ ಹ್ವಾದ್ರು. ನಾನೂ ಬೆನ್ನ ಹತ್ತಿ ಹೋದ್ನಿ. ಹೋಳಿಗಿ ಮಾಡಿದ್ರು, ಹೊಟ್ಟಿ ತುಂಬ ಉಂಡ್ನಿ. ಆಕಿ ಕೊಳ್ಳಾಗಿನ ಮುತ್ತ ನೋಡಿ ನನಗೂ ಬೇಕಂತ ಅತ್ನಿ." ಚೆಲ್ಲಿದ ಗುಂಡುಗಳನ್ನು ಒಂದೊಂದಾಗಿ ಪೊಟ್ಟಣಕ್ಕೆ ತುಂಬಿದರು. "ಅವತ್ತಿನಿಂದ ಯಾರ ಏನ ಕೊಟ್ರೂ ಯಾಕಂತ ಕೇಳತೇನಿ. ಮೊಮ್ಮಗಳ ಕೂದಲಾನೂ ಮನೋಳಿ ಹೊಳಿಯಾಗ ಬಿಟ್ಟ ಬಂದ್ನಿ. ಮತ್ತೊಬ್ಬರ ಕೈಗೆ ಸಿಗಬಾರದಂತ."

ಇಷ್ಟಾದ ಮೇಲೆ ಅನುಮಾನ ಹೋಯಿತೇ ಅಂತ ನೀವು ಕೇಳಿದರೆ, ಇಲ್ಲ. ಮನೆಗೆ ಬಂದು ನನ್ನೆದುರು ಕುಳಿತು ಬಂದೂಕು ಜೋಡಿಸಿ ತೋರಿಸಲು ಹೇಳಿದರು. ಪ್ರತಿ ಭಾಗವನ್ನೂ ಕೈಗೆ ತೆಗೆದುಕೊಂಡು, ಇದು ಯಾಕ, ಇದಿಲ್ಲದಿದ್ರ ಏನಾಗತೈತಿ ಅಂತ ವಿಚಾರಣೆ. ಟ್ರಿಗರಿನ ಪೆಟ್ಟಿಗೆ ಇಲ್ಲದಿದ್ದರೆ ಹಾರುವುದಿಲ್ಲ ಅಂದೆ. ಅದನ್ನೇ ಎತ್ತಿಕೊಂಡು ತಮ್ಮ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದರು. "ಕೂಸಿದ್ದ ಮನಿಯಾಗ ಬಂದೂಕ ಪೂರಾ ಇರಬಾರದು." ಅಲ್ಲಿಂದ ಮುಂದೆ ಅದು ನಮ್ಮ ಮನೆಯ ಪದ್ಧತಿಯಾಯಿತು. ಭಾನುವಾರ ನಾನು ಹೋಗಿ ಕೇಳಬೇಕು, ಅವರು ಯಾಕೆ ಅನ್ನಬೇಕು, ನಾನು ಹೇಳಬೇಕು, ಅವರು ಕೀಲಿ ತೆಗೆಯಬೇಕು. ಹಿತ್ತಿಲ ಗೋಡೆಯ ಮೇಲೆ ತೆಂಗಿನ ಚಿಪ್ಪು ಸಾಲಾಗಿ ಇಟ್ಟು ಹೊಡೆಯುತ್ತಿದ್ದೆ. ಚಿಪ್ಪು ಬಿದ್ದರೆ, "ಗಾಳಿಗೆ ಬಿತ್ತದು" ಅನ್ನುವರು. ಗಾಳಿಯೇ ಇಲ್ಲದ ದಿನವೂ! ಮಗಳು ದೊಡ್ಡವಳಾದಂತೆ, "ಇಕಿಗೂ ಕಲಸು. ಕಣ್ಣ ಚುರುಕಾಗಲಿ" ಅಂದದ್ದೂ ಅವರೇ. ಅವರ ಮೇಲೆ ನನಗೆ ಬಹಳ ಪ್ರೀತಿ ಹುಟ್ಟಿತ್ತು. ಹೇಳಿದ್ದರೆ ಇದೇನೋ ಹೊಸ ನಾಟಕ ಅಂತ ಮೂಸಿ ನೋಡುತ್ತಿದ್ದರು, ಅದಕ್ಕೇ ಹೇಳಲಿಲ್ಲ.

ಹೋದ ಚಳಿಗಾಲದಲ್ಲಿ ಬೈಲಹೊಂಗಲದ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಸಲೈನ್ ಹಚ್ಚಲು ಬಂದ ನರ್ಸಿಗೆ, "ಇದರಾಗ ಬರೇ ನೀರಲ್ಲೇನ?" ಅಂತ ಕೇಳುವಷ್ಟು ಎಚ್ಚರವಿತ್ತು. ಸೊಂಟದ ಕೀಲಿಯನ್ನು ಕೊನೆಯವರೆಗೂ ಯಾರಿಗೂ ಕೊಡಲಿಲ್ಲ, ಆಮೇಲೆ ನಾವೇ ಬಿಚ್ಚಿಕೊಂಡೆವು. ಕೊನೆಯ ದಿನ ನನ್ನ ಕೈ ಹಿಡಿದು ಕೇಳಿದರು.

"ಕೂಸು ಎಲ್ಲೈತಿ?"

"ಸಾಲಿಗೆ ಹೋಗೈತ್ರಿ ಅತ್ತಿ."

"ನೀ ಕಣ್ಣಿಲೆ ನೋಡಿದಿ?"

"ನೋಡೇನ್ರಿ. ಒಳಗ ಹೋಗೂತನಕ ನಿಂತ ನೋಡೇ ಬಸ್ ಹತ್ತೇನಿ."

"ಹೂಂ" ಅಂದರು. ಅವರು ನನ್ನ ಬರೀ ಮಾತನ್ನು ನಂಬಿ ಒಪ್ಪಿಕೊಂಡದ್ದು ಅದೊಂದೇ ಸಲ.

ಮೊನ್ನೆ ದೂರದ ಸಂಬಂಧದ ಹೆಣ್ಣುಮಗಳೊಬ್ಬಳು ಮನೆಗೆ ಬಂದಿದ್ದಳು. ಮಗಳ ಗಲ್ಲ ಸವರಿ, "ಈ ಸಲ ಹುಣ್ಣಿವಿಗೆ ಕೂಸಿನ್ನ ನಮ್ಮೂರಿಗೆ ಕಳಸ್ರಿ, ನಾಕ ದಿನ ಇದ್ದ ಬರಲಿ" ಅಂದಳು. ಯಾಕ ಅಂತ ಕೇಳಿದೆ. ಮನಿಯಾಗ ಯಾರ್ಯಾರ ಇರ್ತಾರ, ಹುಣ್ಣಿವಿಗೇ ಯಾಕ, ರಜಾಕ್ಕ ಯಾಕ ಬ್ಯಾಡ ಅಂತ ಕೇಳಿದೆ. ಅವಳ ಮುಖ ಸಣ್ಣದಾಯಿತು, ಕೊಟ್ಟ ಚಹಾ ಬಿಟ್ಟು ಎದ್ದು ಹೋದಳು. "ಪಾಪ, ಪ್ರೀತಿಲೆ ಕರದ್ರು. ನೀನೂ ನಮ್ಮವ್ವನಂಗ ಆದಿ ನೋಡು" ಅಂದರು ನಮ್ಮವರು. ಆಗಲಿ. ಅವಳು ಒಳ್ಳೆಯವಳೇ ಇದ್ದಾಳು, ಅದನ್ನು ತಿಳಿದುಕೊಳ್ಳುವ ಗರಜು ನನಗಿಲ್ಲ. ಮಗಳು ಒಳಗೆ ಓದುತ್ತ ಕುಳಿತಿದ್ದಾಳೆ. ಈಗಷ್ಟೇ ಎದ್ದು ಹೋಗಿ ನೋಡಿ ಬಂದೆ.