ಉಂಡವರನ್ನು ಎಬ್ಬಿಸಿದ್ದು

ಮುಂಬೈಯ ದಹಿಸರ್‌ಗೆ ಬಂದ ಹೊಸತರಲ್ಲಿ ಒಂದು ಹುಟ್ಟುಹಬ್ಬಕ್ಕೆ ಹೋಗಿದ್ದೆ. ಉಂಡವರೆಲ್ಲ ಕೈ ತೊಳೆದು ನೇರ ಚಪ್ಪಲಿ ಮೆಟ್ಟಿದರು. ಯಾರದೋ ಸಾವಿನ ಸುದ್ದಿ ಬಂತೇನೋ ಅಂದುಕೊಂಡೆ. ನಮ್ಮ ವಿಜಯಪುರದ ಕಡೆ ಹಾಗೆ ಏಳುವುದು ತಿಥಿಯ ಊಟದಲ್ಲಿ ಮಾತ್ರ. ಶುಭಕಾರ್ಯದಲ್ಲಿ ಬಂದವರು ಎಲೆ ಅಡಿಕೆ ಹಾಕಿ, ತಾಸು ಮಾತಾಡಿ, ಮೂರು ಸಲ ಹೋಗುತ್ತೇವೆಂದ ಮೇಲೆಯೇ ನಾವು ಬಿಡುವುದು.

ಮೊಮ್ಮಗಳಿಗೆ ವರ್ಷ ತುಂಬಿದಾಗ ನಮ್ಮ ಚಾಳಿನ ಖೋಲಿಯಲ್ಲೇ ಪಾರ್ಟಿ ಇಟ್ಟೆವು. ಖೋಲಿ ಎಂದರೆ ಒಂದೇ ಕೋಣೆ; ಎಂಟು ಮಂದಿ ಕೂತರೆ ತುಂಬಿತು. ಎದುರು ಮನೆಯ ಶೋಭಾತಾಈ ಬರಬೇಕು, ಅಷ್ಟೇ ನನ್ನ ಆಸೆ. ತಾಈ ಅಂದರೆ ಇಲ್ಲಿ ಅಕ್ಕ. ಎರಡೂ ಮನೆಗೆ ಸೇರಿದ ಗ್ಯಾಲರಿಯಲ್ಲಿ ನಾನು ಮೆಣಸಿನಕಾಯಿ ಒಣಹಾಕಿದ್ದಕ್ಕೆ ಜಗಳವಾಗಿ ತಿಂಗಳಿಂದ ಮಾತಿರಲಿಲ್ಲ. ಮಗ, ಸೊಸೆ ಕೆಲಸಕ್ಕೆ ಹೋದರೆ ಇಡೀ ದಿನ ನನ್ನೊಡನೆ ಮಾತಾಡುತ್ತಿದ್ದವಳು ಅವಳೊಬ್ಬಳೇ. ನನ್ನ ಕೈಯ ಹೋಳಿಗೆ ಉಂಡರೆ ಸಿಟ್ಟು ಇಳಿದೀತು.

ಮಗನ ಜೊತೆ ಕೆಲಸ ಮಾಡುವ ನಮ್ಮ ಕಡೆಯವರು ಎಂಟು ಮಂದಿ ಮೊದಲು ಉಂಡರು. ಒಬ್ಬ ಎದ್ದ. ಕೈ ಹಿಡಿದು ಕೂಡಿಸಿದೆ. "ಉಂಡ ಕೂಡ್ಲೆ ಏಳ್ತಾರೇನೋ ತಮ್ಮಾ? ಎಲಿ ಅಡಿಕಿ ಹಾಕ್ಕೊಂಡು ಹೋಗೀಯಂತ, ಕುಂದರು." ಉಳಿದವರೂ ಏಳದೆ ಕೂತರು.

ಆಮೇಲೆ ಸೊಸೆ ಕೆಂಪಗಾಗಿ ಬಂದಳು. "ಅತ್ತಿ, ಶೋಭಾತಾಈ ಅರ್ಧಾ ತಾಸು ಹೊರಗ ನಿಂತು, ಕೂಸಿಗೆ ಗೊಂಬಿ ಕೊಟ್ಟು ವಾಪಸ್ ಹ್ವಾದ್ಳು. ಇವರನ್ನ ಎಬ್ಬಸ್ರಿ ಮೊದಲ."

"ಉಂಡವರನ್ನ ಹೆಂಗ ಎಬ್ಬಸ್ಲೇ?"

"ಬಾಯಿಲೆ ಎಬ್ಬಸ್ರಿ!"

ಈ ವಯಸ್ಸಿನವರೆಗೆ ಅಂದಿರದ ಮಾತು ಅಂದೆ: "ಊಟ ಆತಲ್ಲ, ಏಳ್ರಿ ಇನ್ನ. ಹೊರಗ ಮಂದಿ ನಿಂತಾರ."

ಒಬ್ಬರೂ ಮುಖ ಗಂಟಿಕ್ಕಲಿಲ್ಲ. ಜೈಲಿನಿಂದ ಬಿಟ್ಟವರಂತೆ ಎದ್ದರು. "ಪುಣ್ಯಾ ಬರ್ಲಿ ಆಯಿ, ಲೋಕಲ್ ಟ್ರೇನ್ ತಪ್ಪತಿತ್ತು," ಅಂದ ಒಬ್ಬ.

ಎದುರು ಬಾಗಿಲು ಬಡಿದೆ. ನನಗೆ ಬರುವುದು ಅವಳಿಂದಲೇ ಕಲಿತ ನಾಲ್ಕು ಮಾತಿನ ಮರಾಠಿ. "ತಾಈ, ಜಾಗಾ ಝಾಲೀ. ಯೇ." ಜಾಗ ಆಯಿತು, ಬಾ.

ಅವಳು ಸೊಂಟದ ಮೇಲೆ ಕೈ ಇಟ್ಟಳು. "ಆಜೀ, ಪಾಹುಣೇ ಗೇಲೇ ಕೀ ಹಾಕಲಲೇ?" ಬಂದವರು ತಾವೇ ಹೋದರೋ, ಓಡಿಸಿದೆಯೋ ಅಂತ.

"ಹಾಕಲಲೇ," ಅಂದೆ.

ನಕ್ಕುಬಿಟ್ಟಳು. ಬಂದು ಎರಡು ಹೋಳಿಗೆ ಉಂಡಳು. ಕೈ ತೊಳೆದು ಎದ್ದಳು. ನಾನು ಹಿಡಿಯಲಿಲ್ಲ.

ಊರಲ್ಲಿರುವ ನನ್ನ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿದೆ. "ಉಂಡವರನ್ನ ಎಬ್ಬಿಸಿದ್ಯಾ? ಯಾರ ಹೊಟ್ಟ್ಯಾಗ ಹುಟ್ಟೀದಿ ನೀ!" ಅಂತ ಬೈದಳು. ಅವಳ ಮಾತೇ ಸರಿ ಅಂತ ಈಗಲೂ ಅನ್ನಿಸುತ್ತದೆ. ಮುಂದಿನ ವರ್ಷವೂ ಎಬ್ಬಿಸುತ್ತೇನೆ.