ಶೆಟ್ಟೆವ್ವ ಸೀಟಿ ಕಲಿಯುತ್ತಿದ್ದಾರೆ

ಶೆಟ್ಟೆವ್ವನಿಗೆ ಮೇಲಿನ ಸಾಲಿನ ಮುಂದಿನ ಹಲ್ಲು ಒಂದಿಲ್ಲ. ಸೀಟಿ ಹೊಡೆಯಲು ಹೋದರೆ ಗಾಳಿ ಅಲ್ಲಿಂದಲೇ ಸೋರುತ್ತದೆ.

ಮಮದಾಪುರದ ಹೊರಗೆ ಕಬ್ಬು ಕಡಿದು ಬಯಲಾದ ಹೊಲ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಲೆ ಕಟ್ಟಿದ ಹಟ್ಟಿಯಿಂದ ಆಗಷ್ಟೇ ಹೊರಬಿದ್ದ ಕುರಿಗಳು ರವದಿಯಲ್ಲಿ, ಕಬ್ಬಿನ ಒಣಗರಿಯಲ್ಲಿ, ಮೂತಿ ಹಾಕಿವೆ. ಶೆಟ್ಟೆವ್ವ ಮೂವತ್ತು ಮಾರು ದೂರ ಹೋಗಿ ನಿಲ್ಲುತ್ತಾರೆ. ಎರಡು ಬೆರಳನ್ನು ಬಾಯಿಗಿಟ್ಟು ಊದುತ್ತಾರೆ. ಮೊದಲ ಸಲ ಬರೀ ಉಗುಳು. ಎರಡನೆಯ ಸಲ ಒಲೆಯಿಂದ ಇಳಿಸಿದ ಕುಕ್ಕರಿನ ಉಸಿರಿನಂಥ ಸಪ್ಪಳ. ಮೂರನೆಯದು ಸೀಟಿ.

ಹಣೆಯ ಮೇಲೆ ಬಿಳಿ ಬೊಟ್ಟು, ಕೊರಳಲ್ಲಿ ಗಂಟೆ ಇರುವ ಕರಿ ಕುರಿಯೊಂದು ತಲೆ ಎತ್ತುತ್ತದೆ. ಅದರ ಹೆಸರು ಚಿಕ್ಕಿ, ಹಿಂಡಿನ ಮುಂದಾಳು. ಬರಬೇಕೋ ಬೇಡವೋ ಎಂಬಂತೆ ತುಸು ನಿಂತು, ಆಮೇಲೆ ಬರುತ್ತದೆ. ಅದರ ಬೆನ್ನಿಗೆ ಒಂದಿಷ್ಟು. ಉಳಿದವು ರವದಿ ಬಿಡುವುದಿಲ್ಲ. ಬಂದವಕ್ಕೆ ಶೆಟ್ಟೆವ್ವ ಉಡಿಯಿಂದ ಹರಳುಪ್ಪು ತೆಗೆದು ಅಂಗೈಯಲ್ಲಿ ನೆಕ್ಕಿಸುತ್ತಾರೆ. ಬಾರದವನ್ನು ಬೈಯುವುದಿಲ್ಲ. ಮತ್ತೆ ಮೂವತ್ತು ಮಾರು ನಡೆಯುತ್ತಾರೆ, ಮತ್ತೆ ಬೆರಳು ಬಾಯಿಗೆ.

ಬಲೆ ಸುತ್ತುತ್ತಿರುವ ಮೈದುನ ಅಲ್ಲಪ್ಪನಿಗೆ ಇದು ದಿನದ ಮೊದಲ ನಗೆ. “ವೈನಿ, ಗೋಕಾಕ ಬಸ್ ನಿಲ್ಲಸಾಕತ್ತೀರೇನು?” ಎನ್ನುತ್ತಾನೆ.

“ನಿಲ್ಲಸ್ತೀನಿ ತಡಿ. ಮೊದಲ ನಿನ್ನ ಬಾಯಿ ನಿಲ್ಲಸ್ತೀನಿ.”

ಸೀಟಿ ಕಲಿಸಿದವನೂ ಅವನೇ. ಐವತ್ತಮೂರನೆಯ ವಯಸ್ಸಿನಲ್ಲಿ ವೈನಿ ಸೀಟಿ ಕಲಿಯಲು ಕೂತಾಗ ಊರಿಗೆಲ್ಲ ಸುದ್ದಿಯಾಯಿತು. ಹೆಣ್ಣುಮಕ್ಕಳು ಸೀಟಿ ಹೊಡೆಯಬಾರದು ಎಂಬುದು ಇಲ್ಲಿ ಹಿರಿಯರ ಮಾತು. ನೀರಿನ ಟಾಕಿಯ ಹತ್ತಿರ ಹೆಂಗಸರು ಈ ವಯಸ್ಸಿನಲ್ಲಿ ಸೀಟಿ ಹೊಡೆದರೆ ಯಾರು ತಿರುಗಿ ನೋಡುತ್ತಾರೆ ಎಂದು ಕಾಡಿಸಿದರು. ಕುರಿ ನೋಡಿದರೆ ಸಾಕು ಎಂದು ಶೆಟ್ಟೆವ್ವ ಕೊಡ ಎತ್ತಿಕೊಂಡು ಬಂದರು.

ಆದರೆ ಇದು ನಗೆಯ ಕೆಲಸವಲ್ಲ. ಇನ್ನು ಆರು ದಿನಕ್ಕೆ ಹಿಂಡು ಹುಕ್ಕೇರಿ ಕಡೆಗೆ ಹೊರಡಬೇಕು. ಇಲ್ಲಿಯ ಮೇವು ಸಂಕ್ರಾಂತಿ ಮುಟ್ಟುವುದಿಲ್ಲ. ಹೋಗುವ ದಾರಿಯಲ್ಲಿ ರೈಲು ಹಳಿ ಅಡ್ಡ ಬರುತ್ತದೆ. ಒಂದು ಸದ್ದಿಗೆ ಇಡೀ ಹಿಂಡು ಬರದೆ ಹಳಿ ದಾಟುವುದಿಲ್ಲ ಎಂದು ಶೆಟ್ಟೆವ್ವ ಅಲ್ಲಪ್ಪನಿಗೆ ಹೇಳಿಬಿಟ್ಟಿದ್ದಾರೆ. ದಾಟದಿದ್ದರೆ ಕುರಿ ಇಲ್ಲೇ ಹಸಿದು ಸೊರಗುತ್ತವೆ. ದಾಟಿದರೆ ಏನಾಗಬಹುದು ಎಂಬುದನ್ನು ಇಬ್ಬರೂ ಒಮ್ಮೆ ನೋಡಿದ್ದಾರೆ.

ಶೆಟ್ಟೆವ್ವನ ತವರು ಮೂಡಲಗಿ ಕಡೆಯ ಹಳ್ಳಿ. ಹದಿನೇಳಕ್ಕೆ ಮದುವೆಯಾಗಿ ಮಮದಾಪುರಕ್ಕೆ ಬಂದರು. ತವರಿನಲ್ಲೂ ಕುರಿ, ಇಲ್ಲೂ ಕುರಿ. ಆದರೆ ತವರಿನ ಕೂಗು ಇಲ್ಲಿಯ ಕುರಿಗೆ ತಿಳಿಯುವುದಿಲ್ಲ. ಪ್ರತಿ ಹಿಂಡಿಗೂ ಒಂದೊಂದು ಕೂಗು. ಈ ಮನೆಯದು ನಾಲಗೆಯನ್ನು ಅಂಗುಳಿಗೆ ಹಚ್ಚಿ ಕೆಳದನಿಯಲ್ಲಿ ಗುರುಗುಟ್ಟುತ್ತ ಶುರುವಾಗಿ, ಕೊನೆಗೆ ಉದ್ದಕ್ಕೆ ಎಳೆದು ಮೇಲೇರುವ ಕೂಗು. ಅತ್ತೆ ಉದ್ದವ್ವನದು. ಉದ್ದವ್ವನಿಗೆ ಅವಳ ಅತ್ತೆಯಿಂದ ಬಂದದ್ದು. ಸೊಸೆಗೆ ಒಂದು ವರ್ಷ ಕೂಗಲು ಬಿಡಲಿಲ್ಲ. ಹಟ್ಟಿ ಗುಡಿಸು, ಮರಿ ನೋಡು, ಕೇಳಿಸಿಕೊಂಡಿರು ಎಂದಿದ್ದಳು. ಬಿಟ್ಟ ದಿನ ಹೇಳಿದ್ದು ಒಂದೇ ಮಾತು. ಶೆಟ್ಟೆವ್ವ ಅದನ್ನು ಅತ್ತೆಯ ದನಿಯಲ್ಲೇ ಹೇಳುತ್ತಾರೆ: “ಕರದಿ ಅಂದ್ರ ಏನರ ಕೊಡಬೇಕು. ನೀರರ, ಉಪ್ಪರ, ನೆರಳರ. ಕರದು ಬರೇ ಕೈ ತೋರಸಬ್ಯಾಡ.”

ಗಂಡ ಮಾಲಿಂಗ ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಹಿಂಡಿನ ಮುಂದೆ ಶೆಟ್ಟೆವ್ವ, ಹಿಂದೆ ಅಲ್ಲಪ್ಪ. ಏಳುವುದು ನಾಲ್ಕೂವರೆಗೆ. ನಡಿಗೆ ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಕಿಲೋಮೀಟರು. ಕಟ್ಟಿಕೊಂಡು ಹೋಗುವುದು ನಾಲ್ಕು ರೊಟ್ಟಿ, ಒಂದು ಉಳ್ಳಾಗಡ್ಡಿ, ಖಾರ. ಈಗ ಅದರ ಜೊತೆಗೆ ಬೆಳಿಗ್ಗೆ ನಲವತ್ತು ಸೀಟಿ, ಸಂಜೆ ನಲವತ್ತು. ಎಲ್ಲಕ್ಕೂ ಲೆಕ್ಕ ಹೇಳುವ ಶೆಟ್ಟೆವ್ವ ಒಂದಕ್ಕೆ ಮಾತ್ರ ಹೇಳುವುದಿಲ್ಲ: ಕುರಿ ಎಷ್ಟಿವೆ ಎಂಬುದಕ್ಕೆ. ಹಿಂಡಿನ ಎಣಿಕೆ ಬಾಯಿಬಿಟ್ಟು ಹೇಳಬಾರದು, ಕಣ್ಣು ತಾಗುತ್ತದೆ. ಸಂಜೆ ಹಟ್ಟಿ ತುಂಬಿಸುವಾಗಲೂ ಎಣಿಸುವುದಿಲ್ಲ. ಯಾವ ತಾಯಿಯ ಬಳಿ ಮರಿ ಇಲ್ಲ, ಯಾವ ಮೋರೆ ಕಾಣಲಿಲ್ಲ ಎಂದು ನೋಡುತ್ತಾರೆ. ಸಾಕು.

ಹೋದ ವರ್ಷ ಚಿತ್ರೀಕರಣಕ್ಕೆ ಈ ಹಿಂಡು ಕೇಳಿದ ಕಂಪನಿ ಬೆಂಗಳೂರಿನದು. ಮೊದಲು ಅದು ಮಾಡಿದ್ದು ಮೊಬೈಲಿನಲ್ಲೇ ಕರೆಂಟ್ ಬಿಲ್ಲು ಕಟ್ಟುವ, ರಿಚಾರ್ಜ್ ಹಾಕುವ ಆ್ಯಪ್. ಗೋಕಾಕದ ಕಿರಾಣಿ ಅಂಗಡಿಗಳಲ್ಲೆಲ್ಲ ಅದರ ಚೀಟಿ ಅಂಟಿಸಿದೆ. ಬಿಲ್ಲು ಕಟ್ಟಿದವರು ಆ್ಯಪ್ ಮುಚ್ಚಿ ಹೋಗಿಬಿಡುತ್ತಾರೆ. ಅಲ್ಲೇ ಕೂತು ಏನಾದರೂ ನೋಡುವಂತಾಗಲಿ ಎಂದು ಕಂಪನಿ ತಾನೇ ಧಾರಾವಾಹಿ ತೆಗೆಯಲು ಹೊರಟಿತು. ಮೊದಲನೆಯದೇ ಕುರಿ ಕಾಯುವ ಹೆಣ್ಣುಮಗಳ ಕಥೆ, ಎಂಟು ಕಂತು. ಗೋಕಾಕ ಫಾಲ್ಸ್ ಮೇಲಿನ ಗುಡ್ಡ ಅವರಿಗೆ ಹಿಡಿಸಿತು. ಗೋಕಾಕದಲ್ಲಿ ಮದುವೆ ವಿಡಿಯೋ ತೆಗೆಯುವ ಯಲ್ಲೇಶನಿಗೆ ಊಟ, ವಸತಿ, ಕುರಿ ಹೊಂದಿಸುವ ಕೆಲಸ ಸಿಕ್ಕಿತು. ಅವನು ಕಾಗದ ಹಿಡಿದು ಮಮದಾಪುರಕ್ಕೆ ಬಂದ.

“ಕಾಕೂ, ಕುರಿ ಎಷ್ಟ ಅದಾವು? ಬರೀಬೇಕು.”

“ಅದಾವಪಾ.”

“ಅಂದ್ರ ಎಷ್ಟು?”

“ಅಂದ್ರ ಅದಾವು.”

ಯಲ್ಲೇಶ ‘ಒಂದು ಹಿಂಡು’ ಎಂದು ಬರೆದುಕೊಂಡು ಹೋದ.

ಕಳೆದ ಜನವರಿಯಲ್ಲಿ ಹತ್ತೊಂಬತ್ತು ದಿನ ಚಿತ್ರೀಕರಣ ನಡೆಯಿತು. ಬಂದವರು ಕೆಟ್ಟವರಲ್ಲ. ಕರೆದು ಉಣ್ಣಲು ಕೂರಿಸಿದರು, ಕುರಿಗೆ ಟ್ಯಾಂಕರಿನಲ್ಲಿ ನೀರು ತರಿಸಿದರು. ನಾಯಕಿಯ ಪಾತ್ರ ಮಾಡಿದ ವಿದ್ಯಾ ಎಂಬ ಹುಡುಗಿ ಶೆಟ್ಟೆವ್ವನ ಹಿಂದೆ ಎರಡು ದಿನ ಅಲೆದು ಕಾಲಲ್ಲಿ ಬೊಕ್ಕೆ ಎಬ್ಬಿಸಿಕೊಂಡಳು, ಮರಿಯನ್ನು ಎದೆಗೆ ಕೈ ಕೊಟ್ಟು ಎತ್ತುವುದನ್ನು ಕಲಿತಳು. ಶೆಟ್ಟೆವ್ವ ತಮ್ಮ ಕಂಬಳಿಯನ್ನೇ ಅವಳಿಗೆ ಹೊದಿಸಿದರು, ಕುರಿ ವಾಸನೆ ಹಿಡಿದು ಹತ್ತಿರ ಬರಲಿ ಎಂದು. ಕುರಿ ಬಂದವು. ಆದರೆ ವಿದ್ಯಾಳ ಕೂಗಿಗೆ ಒಂದೂ ಬರಲಿಲ್ಲ. ಆಕೆ ಕೂಗಿದರೆ ಟಗರು ನಗುತ್ತಿತ್ತು ಎಂದು ಅಲ್ಲಪ್ಪ ಈಗಲೂ ಹೇಳುತ್ತಾನೆ.

ಶೆಟ್ಟೆವ್ವ ಬಂಡೆಯ ಹಿಂದೆ ಕೂತು ಕೂಗಿದರು, ವಿದ್ಯಾ ಮುಂದೆ ನಿಂತು ಬಾಯಿ ಆಡಿಸಿದಳು. ಒಂದು ಸಲ ಬಿಸಿಲು ಸರಿ ಬರಲಿಲ್ಲ, ಒಂದು ಸಲ ಲಾರಿ ಹಾರ್ನು, ಒಂದು ಸಲ ಕ್ಯಾಮೆರಾಕ್ಕೆ ಕುರಿ ಅಡ್ಡ. ಒಂದೇ ದೃಶ್ಯಕ್ಕೆ ಮೂವತ್ತು ಕೂಗು. ಮೂರನೆಯ ದಿನ ಶೆಟ್ಟೆವ್ವನ ಗಂಟಲು ಕಟ್ಟಿತು. ಧ್ವನಿ ತುಂಬಿಕೊಳ್ಳುವ ಹುಡುಗರು ಅಷ್ಟರಲ್ಲಿ ಕೂಗನ್ನು ಹಿಡಿದಿಟ್ಟುಕೊಂಡಿದ್ದರು. ಸ್ಪೀಕರ್ ಡಬ್ಬಿಯನ್ನು ಬಂಡೆಯ ಹಿಂದಿಟ್ಟು ಹಚ್ಚಬಹುದೇ ಎಂದು ನಿರ್ದೇಶಕರು ಕೇಳಿದರು. ಕೇಳದೆ ಮಾಡಿದ್ದಲ್ಲ. ಶೆಟ್ಟೆವ್ವ ಹೂಂ ಎಂದರು.

“ನನ್ನ ಕುರಿಗೆ ಗೊತ್ತಾಕ್ಕೈತಿ ಅಂತ ತಿಳದಿದ್ನಿರಿ,” ಎನ್ನುತ್ತಾರೆ. “ಡಬ್ಬಿ ಕೂಗಿದ್ರ ಅದು ಡಬ್ಬಿ, ನಾ ಕೂಗಿದ್ರ ನಾನು. ಅಷ್ಟೂ ತಿಳಿಯಂಗಿಲ್ಲೇನು ಅವಕ್ಕ ಅನಕೊಂಡ್ನಿ. ಅವಕ್ಕ ತಿಳೀಲಿಲ್ಲ.”

ಕುರಿಗಳು ಓಡಿಬಂದವು. ಬಂಡೆಯ ಹಿಂದೆ ಕಪ್ಪು ಡಬ್ಬಿ. ನೀರಿಲ್ಲ, ಉಪ್ಪಿಲ್ಲ, ಶೆಟ್ಟೆವ್ವ ಇಲ್ಲ. ತಿರುಗಿ ಅಟ್ಟಿದರು, ಮತ್ತೆ ಹಚ್ಚಿದರು. ಉಪ್ಪು ಹಾಕೋಣವೇ ಎಂದು ಶೆಟ್ಟೆವ್ವ ಕೇಳಿದ್ದುಂಟು. ಹಾಕಿದರೆ ಕುರಿ ಅಲ್ಲೇ ಗುಂಪುಗೂಡಿ ನಿಲ್ಲುತ್ತವೆ, ಹಾದುಹೋಗುವ ದೃಶ್ಯ ಸಿಗುವುದಿಲ್ಲ ಎಂದರು. ಹತ್ತನೆಯ ದಿನಕ್ಕೆ ಕುರಿಗಳು ಓಡುವುದು ಬಿಟ್ಟು ನಡೆದು ಬಂದವು. ಹದಿನೈದನೆಯ ದಿನಕ್ಕೆ ಚಿಕ್ಕಿ ಒಂದೇ ಬಂದಿತು. ಉಳಿದವನ್ನು ಹಿಂದಿನಿಂದ ಕೋಲಿನಿಂದ ಅಟ್ಟಿದರು. ಅಲ್ಲಪ್ಪ ಇದನ್ನು ಗಮನಿಸಿ, ಸಾಕು ಮಾಡೋಣ ಎಂದಿದ್ದ. ಅಷ್ಟು ಮಂದಿಯ ಕೆಲಸ ನಡುವೆ ಹೇಗೆ ನಿಲ್ಲಿಸುವುದು, ಇನ್ನು ನಾಲ್ಕು ದಿನ ತಾನೆ ಎಂದು ಶೆಟ್ಟೆವ್ವ ಒಪ್ಪಲಿಲ್ಲ. ತಪ್ಪು ತಮ್ಮದೇ ಎಂದು ಅವರು ಹೇಳುವುದು ಈ ನಾಲ್ಕು ದಿನಕ್ಕೆ.

ಚಿತ್ರೀಕರಣ ಮುಗಿದ ಎಂಟನೆಯ ದಿನ ಹಿಂಡು ಹುಕ್ಕೇರಿ ದಾರಿ ಹಿಡಿಯಿತು. ಘಟಪ್ರಭಾದ ಆಚೆ, ನಸುಕಿನಲ್ಲಿ, ಮಂಜು ಕವಿದಿತ್ತು. ಶೆಟ್ಟೆವ್ವ ಮತ್ತು ಚಿಕ್ಕಿ ಹಳಿ ದಾಟಿದ್ದರು. ಹಿಂಡಿನ ಅರ್ಧ ದಾಟಿತ್ತು. ನಡುವಿನವು ಹಳಿಯ ಮಧ್ಯೆ ಹುಲ್ಲು ಕಂಡು ನಿಂತವು. ರೈಲು ಕೂಗಿದ್ದು ಕೇಳಿಸಿತು. ಇಂಥ ಹೊತ್ತಿಗೆಂದೇ ಉದ್ದವ್ವನ ಕೂಗು ಇದ್ದದ್ದು. ಒಮ್ಮೆ ಕೇಳಿದರೆ ಇಡೀ ಹಿಂಡು ಕಲ್ಲು ಉರುಳಿದ ಹಾಗೆ ಕೂಗಿದವರತ್ತ ಬರುತ್ತಿತ್ತು.

“ಕೂಗಿದ್ನಿ,” ಎನ್ನುತ್ತಾರೆ ಶೆಟ್ಟೆವ್ವ. “ತಲಿ ಎತ್ತಿ ನನ್ನ ನೋಡಿದ್ವು. ಮತ್ತ ತಲಿ ಹುಲ್ಲಿಗೆ ಹಾಕಿದ್ವು.”

ಎಷ್ಟು ಹೋದವು ಎಂದು ಅವರು ಯಾರಿಗೂ ಹೇಳಲಿಲ್ಲ. ಹೋದದ್ದರ ಲೆಕ್ಕ ಕೊಟ್ಟರೆ ಕೇಳಿದವರು ಇದ್ದದ್ದರ ಲೆಕ್ಕಕ್ಕೆ ಬರುತ್ತಾರೆ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳಿದರು. ಅಲ್ಲಪ್ಪ ಬಾಯಿ ಬಿಡಲಿಲ್ಲ.

ಮಾರನೆಯ ದಿನದಿಂದ ಶೆಟ್ಟೆವ್ವ ಮೊದಲಿಂದ ಶುರುಮಾಡಿದರು. ಅದೇ ಕೂಗು, ಪ್ರತಿ ಕೂಗಿಗೂ ಉಪ್ಪು. ಮಳೆಗಾಲದ ಹೊತ್ತಿಗೆ ಅರ್ಧ ಹಿಂಡು ನಂಬತೊಡಗಿತ್ತು. ಆಗ, ಜುಲೈ ತಿಂಗಳಲ್ಲಿ, ಧಾರಾವಾಹಿ ಬಂತು.

ಮನೆಯಲ್ಲಿ ಟೀವಿ ಇಲ್ಲ. ಅರಭಾವಿಯ ತೋಟಗಾರಿಕೆ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಗಳು ದೀಪಾ ತನ್ನ ಮೊಬೈಲಿನಲ್ಲಿ ತೋರಿಸಿದಳು. ಪರದೆ ಬೆಳಗುವ ಮೊದಲೇ ಅವ್ವನ ಕೂಗು ಬಂತು. ಕಂಪನಿಗೆ ಅದು ಎಷ್ಟು ಹಿಡಿಸಿತೆಂದರೆ ತನ್ನ ಪ್ರತಿ ಕಾರ್ಯಕ್ರಮದ ಮೊದಲಿಗೂ ಅದನ್ನೇ ಇಟ್ಟಿದೆ. ಅಡುಗೆಯದಿರಲಿ, ಹಾಸ್ಯದ್ದಿರಲಿ, ಮೊದಲು ಎರಡು ಸೆಕೆಂಡು ಉದ್ದವ್ವನ ಕೂಗು. ಕೊನೆಯಲ್ಲಿ ಓಡುವ ಹೆಸರುಗಳನ್ನು ದೀಪಾ ನಿಲ್ಲಿಸಿ ನಿಲ್ಲಿಸಿ ಓದಿದಳು. ಚಹಾ ಕೊಟ್ಟವರ ಹೆಸರಿತ್ತು, ಗಾಡಿ ಓಡಿಸಿದವರದಿತ್ತು. ಕೊನೆಗೆ ‘ಮಮದಾಪುರದ ಗ್ರಾಮಸ್ಥರಿಗೆ ಧನ್ಯವಾದ’. ದೀಪಾ ಸಿಟ್ಟಾದಳು. ಹೆಸರು ನೋಡಿ ಕುರಿ ಬರುತ್ತವೆಯೇ ಎಂದು ಅವ್ವ ಕೇಳಿದರು. ಅವರಿಗೆ ಬೇರೆಯದೇ ಚಿಂತೆ ಹತ್ತಿತ್ತು: ಹಟ್ಟಿಯಲ್ಲಿದ್ದ ಕುರಿಗಳು ಮೊಬೈಲಿನ ಕೂಗಿಗೆ ಕಿವಿ ನಿಮಿರಿಸಿ, ಆಮೇಲೆ ಇಳಿಬಿಟ್ಟಿದ್ದವು.

ದಸರೆಯ ಮುಂಚೆ ಮೂಡಲಗಿ ಕಡೆಯ ರೈತರೊಬ್ಬರು ಹೊಲಕ್ಕೆ ಗೊಬ್ಬರವಾಗಲೆಂದು ನಾಲ್ಕು ರಾತ್ರಿ ಕುರಿ ನಿಲ್ಲಿಸಲು ಕರೆದರು. ಮೂಡಲಗಿ ಪೇಟೆಯಂಚಿನ ಚಹಾದಂಗಡಿ ಹಾಯುವಾಗ ಬೆಂಚಿನ ಮೇಲೆ ಕೂತಿದ್ದವರ ಮೊಬೈಲಿನಿಂದ ಕೂಗು ಬಂತು. ಹತ್ತು ಹೆಜ್ಜೆಗೆ ಇನ್ನೊಂದು. ಚಿಕ್ಕಿ ಕಿವಿಯನ್ನೂ ಆಡಿಸಲಿಲ್ಲ. ಶೆಟ್ಟೆವ್ವ ಹೊಲ ಮುಟ್ಟಿ ತಾವೇ ಕೂಗಿ ನೋಡಿದರು. ಆಗಲೂ ಆಡಿಸಲಿಲ್ಲ. ಅಂದು ಕೂಗುವುದನ್ನು ಬಿಟ್ಟರು. ಸಂಜೆ ಅಲ್ಲಪ್ಪನನ್ನು ಕರೆದು, ಸೀಟಿ ಹೇಗೆ ಹೊಡೆಯುತ್ತಾರೆ ತೋರಿಸು ಎಂದರು.

ಹೊರಡುವುದಕ್ಕೆ ಒಂದು ದಿನ ಉಳಿದಿದೆ. ಬೆಳಿಗ್ಗೆ ಯಲ್ಲೇಶ ಬೈಕಿನಲ್ಲಿ ಬರುತ್ತಾನೆ, ಕೈಯಲ್ಲಿ ಸ್ವೀಟಿನ ಡಬ್ಬಿ. ಧಾರಾವಾಹಿಯನ್ನು ಜನ ಮೆಚ್ಚಿದ್ದಾರೆ, ಕಂಪನಿ ಎರಡನೆಯ ಭಾಗ ತೆಗೆಯುತ್ತದೆ, ಅದೇ ಹಿಂಡು ಬೇಕಂತೆ. ರೈಲಿನ ಸುದ್ದಿ ಅವನಿಗೆ ಗೊತ್ತು. ಆ ಮಾತು ಬಂದಾಗ ನೆಲ ನೋಡುತ್ತಾನೆ. ಈ ಸಲ ಹೆಸರು ಹಾಕಿಸುತ್ತೇನೆ ಎನ್ನುತ್ತಾನೆ. ಹಾದಿಯಲ್ಲೇ ಸೀಟಿ ಕೇಳಿಸಿಕೊಂಡು ಬಂದಿದ್ದಾನೆ, ಅದೂ ಚಲೋ ಐತಿ ಎಂದು ಮೊಬೈಲು ತೆಗೆಯುತ್ತಾನೆ. ಶೆಟ್ಟೆವ್ವ ಬಾಯಿಯಿಂದ ಬೆರಳು ತೆಗೆಯುತ್ತಾರೆ. ತುಸು ಹೊತ್ತಿಗೆ ಯಲ್ಲೇಶನಿಗೆ ಅರ್ಥವಾಗಿ ಮೊಬೈಲು ಕಿಸೆಗೆ ಹೋಗುತ್ತದೆ.

ಆಮೇಲೆ ಸೀಟಿ. ಒಂದೇ ಸಲಕ್ಕೆ ಬಂದ ಸೀಟಿ, ಸೋರದ ಸೀಟಿ. ಚಿಕ್ಕಿ ಯೋಚಿಸುವುದಿಲ್ಲ. ಗಂಟೆ ಅಲುಗುತ್ತದೆ, ರವದಿ ಸರಸರ ಎನ್ನುತ್ತದೆ, ಹಿಂಡು ಧೂಳೆಬ್ಬಿಸಿಕೊಂಡು ಬರುತ್ತದೆ. ಕೊನೆಯಲ್ಲಿ ಕುಂಟುವ ಮುದಿ ಕುರಿಯೊಂದು, ಅದೂ ಬರುತ್ತದೆ. ಉಪ್ಪು ಸಾಲದಾಗಿ ಅಲ್ಲಪ್ಪ ಚೀಲವನ್ನೇ ತರುತ್ತಾನೆ. ಈ ಸಲ ಅವನು ನಗೆಯಾಡುವುದಿಲ್ಲ.

“ನಾಳೆ ಹೊರಡೂನು,” ಎಂದು ಶೆಟ್ಟೆವ್ವ ಅವನಿಗೆ ಹೇಳುತ್ತಾರೆ. ಯಲ್ಲೇಶನ ಕಡೆ ತಿರುಗಿ, ಕುರಿ ಇನ್ನು ಕೊಡುವುದಿಲ್ಲ ಎನ್ನುತ್ತಾರೆ. ಆಸೆ ಏನಾದರೂ ಇದ್ದರೆ ಒಂದೇ: ದೀಪಾ ಈ ಸೀಟಿ ಕಲಿಯಬೇಕು, ಅವಳ ಹಲ್ಲು ಪೂರಾ ಇವೆ.

ಯಲ್ಲೇಶ ಬರಿಗೈಯಲ್ಲಿ ಹೋಗುವಂತಿಲ್ಲ. ಕಂಪನಿಗೆ ಏನಾದರೂ ಬರೆದು ಕಳಿಸಬೇಕು. ಕಾಗದ ಬಿಚ್ಚಿ, ಹೋದ ವರ್ಷದ್ದೇ ಪ್ರಶ್ನೆ ಕೇಳುತ್ತಾನೆ. ಕುರಿ ಎಷ್ಟು?

“ಇದ್ದದ್ದು ಹೇಳಂಗಿಲ್ಲಪಾ,” ಎನ್ನುತ್ತಾರೆ ಶೆಟ್ಟೆವ್ವ. “ಹೋದದ್ದು ಬರಕೋ.”

ಅವನು ಪೆನ್ನು ತೆಗೆಯುವವರೆಗೆ ಕಾಯುತ್ತಾರೆ.

“ಕುರಿ ಹನ್ನೊಂದು. ಮರಿ ನಾಕು. ಕೂಗು ಒಂದು.”